ಕೆಳಸ್ತರದ ವೃತ್ತಿಪರ ಬ್ಯಾಡ್ಮಿಂಟನ್ ಪಂದ್ಯಾವಳಿಗಳು: ಸಂಘಟನೆಯ ಹಿಂದಿನ ಆಯವ್ಯಯ

ಊರಿನಲ್ಲಿ ಯಾವುದೇ ಕ್ರೀಡಾಕೂಟ ನಡೆಯಲಿ, ಸಂಘಟಕರು ಮೊದಲು ಕಾಲಿಡುವುದು ವರ್ತಕರ ಅಂಗಡಿಗೆ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಕಚೇರಿಗೆ. ಸ್ಮರಣ ಸಂಚಿಕೆಗೆ ಒಂದು ಪುಟ ಜಾಹೀರಾತು, ಪ್ರವೇಶದ್ವಾರಕ್ಕೆ ಒಂದು ಕಮಾನು, ವಿಜೇತರಿಗೆ ಒಂದು ಪಾರಿತೋಷಕ, ಆಟಗಾರರಿಗೆ ಒಂದು ಹೊತ್ತಿನ ಊಟ ಎಂಬ ಬೇಡಿಕೆಗಳು ಹೊಸವೇನಲ್ಲ. ಕೊಡುವವರು ಬಹುಮಟ್ಟಿಗೆ ದಾಕ್ಷಿಣ್ಯಕ್ಕಾಗಿ ಕೊಡುತ್ತಾರೆ. ಕೊಟ್ಟ ಹಣ ಯಾವ ಬಾಬತ್ತಿಗೆ ಸಂದಿತು, ಅದರಿಂದ ಯಾರಿಗೆ ಏನು ಪ್ರಯೋಜನವಾಯಿತು ಎಂಬುದನ್ನು ವಿಚಾರಿಸುವವರು ವಿರಳ. ಆದರೆ ಕೋರಿಕೆ ಅಂತರರಾಷ್ಟ್ರೀಯ ಮಟ್ಟದ ವೃತ್ತಿಪರ ಪಂದ್ಯಾವಳಿಯೊಂದರಿಂದ ಬಂದಾಗ ಮೊತ್ತವೂ ದೊಡ್ಡದಾಗಿರುತ್ತದೆ, ಕಾನೂನಿನ ಹೊಣೆಗಾರಿಕೆಯೂ ಹೆಚ್ಚಿರುತ್ತದೆ. ಆದ್ದರಿಂದ ಇಂತಹ ಪಂದ್ಯಾವಳಿ ಹೇಗೆ ರೂಪುಗೊಳ್ಳುತ್ತದೆ, ಅದರ ಖರ್ಚನ್ನು ಯಾರು ಭರಿಸುತ್ತಾರೆ, ಪ್ರಾಯೋಜಕನಿಗೆ ನಿಜವಾಗಿ ದೊರೆಯುವುದೇನು ಎಂಬುದನ್ನು ವಾಣಿಜ್ಯ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ.

ಇದಕ್ಕೆ ಬ್ಯಾಡ್ಮಿಂಟನ್ ಉತ್ತಮ ಉದಾಹರಣೆ. ಕರ್ನಾಟಕಕ್ಕೂ ಈ ಆಟಕ್ಕೂ ಇರುವ ನಂಟು ಹಳೆಯದು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಅಭ್ಯಾಸ ಮಾಡಿದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಜಾಗ. ಮದುವೆ ಇಲ್ಲದ ದಿನ ಮಾತ್ರ ಆಟ. ಇಂದು ಸ್ಥಿತಿ ಬದಲಾಗಿದೆ. ಅಂಕಣಗಳು ಬಡಾವಣೆಗೊಂದರಂತೆ ತಲೆಯೆತ್ತಿವೆ. ಆದರೆ ಬಡಾವಣೆಯ ಅಂಕಣದಿಂದ ವಿಶ್ವಮಟ್ಟಕ್ಕೆ ಏರಬೇಕಾದ ಆಟಗಾರನಿಗೆ ನಡುವಿನ ಮೆಟ್ಟಿಲುಗಳು ಬೇಕು. ಆ ಮೆಟ್ಟಿಲುಗಳೇ ಇಲ್ಲಿ ಚರ್ಚಿಸುತ್ತಿರುವ ಕೆಳಸ್ತರದ ಪಂದ್ಯಾವಳಿಗಳು.

ಏಣಿಯ ಮೆಟ್ಟಿಲುಗಳು

ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಆಡಳಿತದ ಹೊಣೆ ಹೊತ್ತಿರುವ ಸಂಸ್ಥೆ 1934ರಲ್ಲಿ ಸ್ಥಾಪನೆಯಾಯಿತು. 2006ರಲ್ಲಿ ಅದು ಬ್ಯಾಡ್ಮಿಂಟನ್ ವಿಶ್ವ ಒಕ್ಕೂಟ ಎಂಬ ಹೆಸರನ್ನು ಪಡೆಯಿತು. ಅದರ ಕೇಂದ್ರ ಕಚೇರಿ ಮಲೇಷ್ಯಾದ ಕೌಲಾಲಂಪುರದಲ್ಲಿದೆ. 2007ರಿಂದ 2017ರವರೆಗೆ ಸೂಪರ್ ಸೀರೀಸ್ ಎಂಬ ವ್ಯವಸ್ಥೆ ಚಾಲ್ತಿಯಲ್ಲಿತ್ತು. ಅದರ ಸ್ಥಾನದಲ್ಲಿ 2018ರಲ್ಲಿ ವಿಶ್ವ ಟೂರ್ ಜಾರಿಗೆ ಬಂದಿತು. ಈ ವ್ಯವಸ್ಥೆಯಲ್ಲಿ ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಮೊದಲಾದವು ಪ್ರಥಮ ಶ್ರೇಣಿ. ಸೂಪರ್ 1000, 750, 500, 300 ಮತ್ತು 100 ಎಂದು ವಿಂಗಡಿಸಿದ ಪಂದ್ಯಾವಳಿಗಳು ದ್ವಿತೀಯ ಶ್ರೇಣಿ. ಅವುಗಳ ಕೆಳಗೆ ಖಂಡವಾರು ಒಕ್ಕೂಟಗಳ ಮೇಲ್ವಿಚಾರಣೆಯಲ್ಲಿ ನಡೆಯುವ ತೃತೀಯ ಶ್ರೇಣಿ ಇದೆ. ಇದರಲ್ಲಿ ಮೇಲಿನಿಂದ ಕೆಳಕ್ಕೆ ಇಂಟರ್‌ನ್ಯಾಷನಲ್ ಚಾಲೆಂಜ್, ಇಂಟರ್‌ನ್ಯಾಷನಲ್ ಸೀರೀಸ್ ಮತ್ತು ಫ್ಯೂಚರ್ ಸೀರೀಸ್ ಎಂಬ ಮೂರು ಹಂತಗಳಿವೆ.

ದೂರದರ್ಶನದಲ್ಲಿ ಕಾಣುವುದು ಮೇಲಿನ ಹಂತಗಳು ಮಾತ್ರ. ಸೂಪರ್ 100 ಹಾಗೂ ಅದರ ಕೆಳಗಿನ ಮೂರು ಹಂತಗಳು ವ್ಯಾಪಾರಿ ಭಾಷೆಯಲ್ಲಿ ಹೇಳುವುದಾದರೆ ಈ ಆಟದ ಸಣ್ಣ ಕೈಗಾರಿಕಾ ವಲಯ. ಪ್ರಚಾರ ಕಡಿಮೆ, ಲಾಭಾಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ದೊಡ್ಡ ಉದ್ಯಮಕ್ಕೆ ಬೇಕಾದ ಸರಕು ತಯಾರಾಗುವುದು ಇಲ್ಲಿಯೇ.

ಭಾರತದಲ್ಲಿ ಇಂತಹ ಪಂದ್ಯಾವಳಿಗಳು ಮಹಾನಗರಗಳಿಗೆ ಸೀಮಿತವಾಗಿಲ್ಲ ಎಂಬುದು ಗಮನಾರ್ಹ. 2018 ಮತ್ತು 2019ರಲ್ಲಿ ಹೈದರಾಬಾದಿನಲ್ಲಿ ಸೂಪರ್ 100 ಪಂದ್ಯಾವಳಿ ನಡೆಯಿತು. 2022ರ ಜನವರಿಯಲ್ಲಿ ಕಟಕ್‌ನಲ್ಲಿ ಒಡಿಶಾ ಓಪನ್, 2023ರ ಡಿಸೆಂಬರ್‌ನಲ್ಲಿ ಗುವಾಹಟಿ ಮಾಸ್ಟರ್ಸ್ ನಡೆದವು. ಇಂಟರ್‌ನ್ಯಾಷನಲ್ ಚಾಲೆಂಜ್ ಹಂತದ ಪಂದ್ಯಾವಳಿಗಳಿಗೆ ನಾಗಪುರ, ರಾಯಪುರ ಮುಂತಾದ ನಗರಗಳು ಆತಿಥ್ಯ ವಹಿಸಿವೆ. 2021ರಲ್ಲಿ ಇನ್ಫೋಸಿಸ್ ಫೌಂಡೇಶನ್ ಹೆಸರಿನೊಂದಿಗೆ ಬೆಂಗಳೂರಿನಲ್ಲಿಯೂ ಇದೇ ಹಂತದ ಪಂದ್ಯಾವಳಿ ನಡೆಯಿತು. ಅಂದರೆ ಸೂಕ್ತ ಒಳಾಂಗಣ, ವಿಮಾನ ಸಂಪರ್ಕ ಮತ್ತು ಒಂದಷ್ಟು ಹೋಟೆಲುಗಳಿರುವ ಎರಡನೆಯ ದರ್ಜೆಯ ನಗರವೂ ಈ ಕ್ಷೇತ್ರಕ್ಕೆ ಪ್ರವೇಶಿಸಲು ಸಾಧ್ಯ.

ಅಂಕವೇ ನಾಣ್ಯ

ಈ ಹಂತದಲ್ಲಿ ಆಟಗಾರ ಆಡುವುದು ಹಣಕ್ಕಾಗಿ ಎನ್ನುವುದಕ್ಕಿಂತ ಅಂಕಗಳಿಗಾಗಿ ಎನ್ನುವುದು ಹೆಚ್ಚು ಸರಿ. 2018ರ ನಂತರದ ಅಂಕಪಟ್ಟಿಯಂತೆ ಸೂಪರ್ 100 ವಿಜೇತನಿಗೆ 5,500, ಇಂಟರ್‌ನ್ಯಾಷನಲ್ ಚಾಲೆಂಜ್ ವಿಜೇತನಿಗೆ 4,000, ಇಂಟರ್‌ನ್ಯಾಷನಲ್ ಸೀರೀಸ್ ವಿಜೇತನಿಗೆ 2,500 ಮತ್ತು ಫ್ಯೂಚರ್ ಸೀರೀಸ್ ವಿಜೇತನಿಗೆ 1,700 ಅಂಕಗಳು. ಕಳೆದ 52 ವಾರಗಳಲ್ಲಿ ಆಡಿದ ಪಂದ್ಯಾವಳಿಗಳ ಪೈಕಿ ಅತ್ಯುತ್ತಮ 10 ಫಲಿತಾಂಶಗಳನ್ನು ಕೂಡಿಸಿ ವಿಶ್ವ ರ‍್ಯಾಂಕಿಂಗ್ ನಿರ್ಧರಿಸಲಾಗುತ್ತದೆ. ಮೇಲಿನ ಹಂತದ ಪಂದ್ಯಾವಳಿಗೆ ಪ್ರವೇಶ ದೊರೆಯುವುದು ಆ ರ‍್ಯಾಂಕಿಂಗ್ ಆಧಾರದ ಮೇಲೆ. ಆದ್ದರಿಂದ ಅಂಕವೆಂಬುದು ಇಲ್ಲಿ ಚಲಾವಣೆಯ ನಾಣ್ಯ. ಅದಕ್ಕೊಂದು ಅವಧಿಯೂ ಇದೆ. ಒಂದು ವರ್ಷ ಕಳೆದರೆ ಹಳೆಯ ಅಂಕ ಅವಧಿ ಮೀರಿದ ಹುಂಡಿಯಂತೆ ಬೆಲೆ ಕಳೆದುಕೊಳ್ಳುತ್ತದೆ.

ಇದರಲ್ಲೊಂದು ಲೆಕ್ಕಾಚಾರವಿದೆ. ಇಂಟರ್‌ನ್ಯಾಷನಲ್ ಚಾಲೆಂಜ್‌ನ ಕ್ವಾರ್ಟರ್‌ಫೈನಲ್ ತಲುಪಿದವನಿಗೆ 2,200 ಅಂಕ. ಎರಡು ಪಂದ್ಯಾವಳಿಗಳಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರೆ 4,400, ಅಂದರೆ ಒಂದು ಪ್ರಶಸ್ತಿಗಿಂತ ಹೆಚ್ಚು. ಹೀಗಾಗಿ ಒಮ್ಮೆ ಮಿಂಚುವುದಕ್ಕಿಂತ ಹಲವು ಕಡೆ ಆಡಿ ಸ್ಥಿರವಾಗಿ ಮುಂದುವರಿಯುವುದು ಲಾಭಕರ. ಆದರೆ ಹಲವು ಕಡೆ ಆಡಲು ಹಲವು ಬಾರಿ ಪ್ರಯಾಣ ಮಾಡಬೇಕು. ಈ ಹಂತದಲ್ಲಿ ವಿಮಾನದ ಟಿಕೆಟ್, ಹೋಟೆಲ್ ಕೊಠಡಿ, ಪ್ರವೇಶ ಶುಲ್ಕ ಇವೆಲ್ಲವೂ ಸಾಮಾನ್ಯವಾಗಿ ಆಟಗಾರನ ಅಥವಾ ಆತನ ಪೋಷಕರ ಜೇಬಿನಿಂದಲೇ ಹೋಗಬೇಕು. ಮೊದಲ ಸುತ್ತಿನಲ್ಲಿ ಸೋತರೆ ಬಹುಮಾನದ ಹಣವಾಗಿ ಕೈಗೆ ಬರುವುದು ಬಹುತೇಕ ಏನೂ ಇಲ್ಲ. ಫ್ಯೂಚರ್ ಸೀರೀಸ್‌ನಲ್ಲಿ ಬಹುಮಾನ ಹಣ ಕೊಡಲೇಬೇಕೆಂಬ ನಿಯಮವೇ ಇಲ್ಲ.

ಸ್ವದೇಶದ ಪಂದ್ಯಾವಳಿಯ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಯುರೋಪಿನ ಪಂದ್ಯಾವಳಿಯಲ್ಲಿ ಗಳಿಸಬಹುದಾದ ಅಂಕಗಳನ್ನೇ ರಾಯಪುರದಲ್ಲೋ ಬೆಂಗಳೂರಿನಲ್ಲೋ ವೀಸಾದ ತಾಪತ್ರಯವಿಲ್ಲದೆ, ರೈಲು ಪ್ರಯಾಣದ ವೆಚ್ಚದಲ್ಲಿ ಗಳಿಸುವ ಅವಕಾಶ ಮಧ್ಯಮ ವರ್ಗದ ಕುಟುಂಬದ ಆಟಗಾರನಿಗೆ ಲಭಿಸುತ್ತದೆ. ಒಂದು ಪಂದ್ಯಾವಳಿ ಹಣದ ಕೊರತೆಯಿಂದ ರದ್ದಾದರೆ ಸಂಘಟಕರಿಗೆ ಆಗುವ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ಆ ಅವಕಾಶ ಕಳೆದುಕೊಂಡ ಹತ್ತಾರು ಯುವಕ ಯುವತಿಯರ ನಷ್ಟ ಎಲ್ಲಿಯೂ ದಾಖಲಾಗುವುದಿಲ್ಲ.

ಈ ಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದವರ ಉದಾಹರಣೆಗಳು ಸಾಕಷ್ಟಿವೆ. ಬೆಂಗಳೂರಿನಲ್ಲಿ ತರಬೇತಿ ಪಡೆದ ಲಕ್ಷ್ಯ ಸೇನ್ 2019ರಲ್ಲಿ ಗೆದ್ದ ಐದು ಪ್ರಶಸ್ತಿಗಳು ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಸ್ಕಾಟ್ಲೆಂಡ್ ಮತ್ತು ಬಾಂಗ್ಲಾದೇಶಗಳ ಕೆಳಸ್ತರದ ಪಂದ್ಯಾವಳಿಗಳವು. 2022ರಲ್ಲಿ ಅವರು ಇಂಡಿಯಾ ಓಪನ್ ಗೆದ್ದು ಆಲ್ ಇಂಗ್ಲೆಂಡ್ ಫೈನಲ್ ತಲುಪಿದರು. 2022ರ ಒಡಿಶಾ ಓಪನ್‌ನಲ್ಲಿ ಉನ್ನತಿ ಹೂಡಾ 14ನೆಯ ವಯಸ್ಸಿನಲ್ಲಿ ಮಹಿಳೆಯರ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಕಾರ್ಕಳ ಮೂಲದ ಆಯುಷ್ ಶೆಟ್ಟಿ 2023ರಲ್ಲಿ ಕಟಕ್‌ನ ಒಡಿಶಾ ಮಾಸ್ಟರ್ಸ್‌ನಲ್ಲಿ ಫೈನಲ್ ಆಡಿ, 2025ರಲ್ಲಿ ಯು.ಎಸ್. ಓಪನ್ ಸೂಪರ್ 300 ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು. ಕೊಡಗಿನ ಅಶ್ವಿನಿ ಪೊನ್ನಪ್ಪ ಒಲಿಂಪಿಕ್ಸ್ ಅರ್ಹತೆಯ ಹಾದಿಯಲ್ಲಿ ತನಿಷಾ ಕ್ರಾಸ್ಟೊ ಜೊತೆಗೂಡಿ 2023ರ ಗುವಾಹಟಿ ಮಾಸ್ಟರ್ಸ್ ಗೆದ್ದದ್ದನ್ನು ನೋಡಿದರೆ ಅನುಭವಿ ಆಟಗಾರರಿಗೂ ಈ ಹಂತದ ಅಗತ್ಯವಿರುವುದು ಸ್ಪಷ್ಟವಾಗುತ್ತದೆ.

ಅನುಮತಿಯಿಂದ ಡ್ರಾ ತನಕ

ಯಾವ ಖಾಸಗಿ ಕ್ಲಬ್ಬೂ ತಾನಾಗಿಯೇ ಅಂತರರಾಷ್ಟ್ರೀಯ ಪಂದ್ಯಾವಳಿ ಘೋಷಿಸುವಂತಿಲ್ಲ. ರಾಜ್ಯ ಸಂಸ್ಥೆಯು ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ಮೂಲಕ ಅರ್ಜಿ ಸಲ್ಲಿಸಬೇಕು. ರಾಷ್ಟ್ರೀಯ ಸಂಸ್ಥೆ ಅದನ್ನು ಏಷ್ಯಾ ಒಕ್ಕೂಟಕ್ಕೆ ಶಿಫಾರಸು ಮಾಡಬೇಕು. ವಿಶ್ವ ಒಕ್ಕೂಟದ ವಾರ್ಷಿಕ ಪಂಚಾಂಗದಲ್ಲಿ ದಿನಾಂಕ ಗೊತ್ತಾಗಬೇಕು. ಇದಕ್ಕೆ ನಿಗದಿತ ಶುಲ್ಕವಿದೆ. ವಿದೇಶಿ ಆಟಗಾರರು ಬರುವುದರಿಂದ ಕೇಂದ್ರದ ಕ್ರೀಡಾ ಸಚಿವಾಲಯ, ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಒಪ್ಪಿಗೆಯೂ ಅವಶ್ಯ. ಈ ಕಾಗದಪತ್ರಗಳ ಕೆಲಸ ಪಂದ್ಯಾವಳಿಗೆ ಹಲವು ತಿಂಗಳು ಮುಂಚೆಯೇ ಆರಂಭವಾಗಬೇಕು. ಸಭಾಂಗಣ ಸಿಕ್ಕಿತೆಂದು ಮುಂಗಡ ಕೊಟ್ಟು, ದಿನಾಂಕ ಸಿಗದೆ ಮುಂಗಡವನ್ನು ಕಳೆದುಕೊಳ್ಳುವುದು ಅನನುಭವಿ ಸಂಘಟಕರಿಗೆ ಎದುರಾಗುವ ಮೊದಲ ಅಪಾಯ.

ಅನುಮತಿಯ ನಂತರ ವಿವರಪತ್ರ ಪ್ರಕಟವಾಗುತ್ತದೆ. ಸ್ಥಳ, ಅಧಿಕೃತ ಹೋಟೆಲ್, ಷಟಲ್‌ನ ಮಾದರಿ, ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ಕೊನೆಯ ದಿನಾಂಕ ಎಲ್ಲವೂ ಅದರಲ್ಲಿರುತ್ತವೆ. ವ್ಯಾಪಾರಿಗಳಿಗೆ ಪರಿಚಿತವಾದ ಟೆಂಡರ್ ದಾಖಲೆಯಂತೆಯೇ ಅದರಲ್ಲಿ ಹೇಳಿದ್ದಕ್ಕೆ ಸಂಘಟಕರು ಬದ್ಧರು. ಆಟಗಾರರು ನೇರವಾಗಿ ಹೆಸರು ಕೊಡುವಂತಿಲ್ಲ. ಅವರವರ ದೇಶದ ಸಂಸ್ಥೆಯೇ ಕೊಡಬೇಕು. ಕೊನೆಯ ದಿನಾಂಕದ ನಂತರ ರ‍್ಯಾಂಕಿಂಗ್ ಪ್ರಕಾರ ಯಾರು ಪ್ರಧಾನ ಸುತ್ತಿಗೆ, ಯಾರು ಅರ್ಹತಾ ಸುತ್ತಿಗೆ, ಯಾರು ಕಾಯ್ದಿರಿಸಿದ ಪಟ್ಟಿಗೆ ಎಂದು ವಿಂಗಡಣೆ ಆಗುತ್ತದೆ. ಅನಂತರ ಡ್ರಾ. ತಡವಾಗಿ ಹಿಂದೆ ಸರಿದವರಿಗೆ ದಂಡವಿದೆ. ಮೇಲಿನವರು ಹಿಂದೆ ಸರಿದರೆ ಕೆಳಗಿನವರಿಗೆ ಬಡ್ತಿ. ಕಾಯ್ದಿರಿಸಿದ ಪಟ್ಟಿಯಲ್ಲಿರುವ ಎಷ್ಟೋ ಮಂದಿ ಟಿಕೆಟ್ ತೆಗೆಯುವುದೋ ಬೇಡವೋ ಎಂಬ ತೂಗುಯ್ಯಾಲೆಯಲ್ಲಿ ಕೊನೆಯ ದಿನದವರೆಗೂ ಕಾಯುತ್ತಾರೆ.

ಮೇಲ್ವಿಚಾರಣೆಗೆ ಸಂಘಟಕರ ಅಧೀನದಲ್ಲಿಲ್ಲದ ರೆಫರಿಯೊಬ್ಬರು ನೇಮಕವಾಗುತ್ತಾರೆ. ಅಂಕಣ, ಬೆಳಕು, ಷಟಲ್, ವೇಳಾಪಟ್ಟಿ, ಶಿಸ್ತು ಇವುಗಳ ಬಗ್ಗೆ ಅವರದೇ ಅಂತಿಮ ಮಾತು. ಪ್ರಾಯೋಜಕರ ಬ್ಯಾನರ್ ಆಟಗಾರನ ಕಣ್ಣಿಗೆ ಅಡ್ಡಿಯಾಗುವಂತಿದ್ದರೆ ಅದನ್ನು ತೆಗೆಸುವ ಅಧಿಕಾರವೂ ಅವರಿಗಿದೆ. ಬಿಳಿಯ ಷಟಲ್ ಕಾಣಬೇಕಾದರೆ ಹಿನ್ನೆಲೆ ಗಾಢವಾಗಿರಬೇಕು. ಹೀಗಾಗಿ ಅಂಕಣದ ತುದಿಯಲ್ಲಿ ಬಿಳಿ ಬಣ್ಣದ ಫಲಕ ಹಾಕಿಸಲು ಹಣ ಕೊಟ್ಟವರು ಅದನ್ನು ಮೊದಲೇ ತಿಳಿದಿರುವುದು ಒಳಿತು.

ಐದು ಅಂಕಣ, ನೂರೈವತ್ತೈದು ಪಂದ್ಯ

ಸಂಘಟನೆಯ ಕಷ್ಟ ಅಂಕಿಗಳಲ್ಲಿ ಚೆನ್ನಾಗಿ ಗೋಚರಿಸುತ್ತದೆ. ಪುರುಷರ ಮತ್ತು ಮಹಿಳೆಯರ ಸಿಂಗಲ್ಸ್, ಪುರುಷರ ಮತ್ತು ಮಹಿಳೆಯರ ಡಬಲ್ಸ್, ಮಿಶ್ರ ಡಬಲ್ಸ್ ಹೀಗೆ ಐದು ವಿಭಾಗಗಳು. ಪ್ರತಿ ವಿಭಾಗದಲ್ಲಿ 32ರ ಡ್ರಾ ಎಂದಿಟ್ಟುಕೊಂಡರೆ ವಿಭಾಗಕ್ಕೆ 31 ಪಂದ್ಯಗಳಂತೆ ಒಟ್ಟು 155 ಪಂದ್ಯಗಳು. ಅರ್ಹತಾ ಸುತ್ತಿನ ಪಂದ್ಯಗಳು ಇದಕ್ಕೆ ಹೊರತು. ಮೊದಲ ಸುತ್ತಿನಲ್ಲಿಯೇ 80 ಪಂದ್ಯಗಳನ್ನು ಮುಗಿಸಬೇಕು. ಐದು ಅಂಕಣಗಳಿದ್ದರೆ ಅಂಕಣಕ್ಕೆ 16 ಪಂದ್ಯ. ಪಂದ್ಯಕ್ಕೆ ಸರಾಸರಿ 40 ನಿಮಿಷ ಹಿಡಿದರೆ 10 ಗಂಟೆ 40 ನಿಮಿಷ. ಬೆಳಿಗ್ಗೆ 9ಕ್ಕೆ ಆರಂಭಿಸಿದರೆ ರಾತ್ರಿ 7.40. ಇದರಲ್ಲಿ ಮೂರು ಗೇಮ್‌ಗಳ ದೀರ್ಘ ಪಂದ್ಯಗಳಿಗಾಗಲಿ, ವಿದ್ಯುತ್ ವ್ಯತ್ಯಯಕ್ಕಾಗಲಿ, ಎರಡು ವಿಭಾಗಗಳಲ್ಲಿ ಆಡುವ ಆಟಗಾರನ ವಿಶ್ರಾಂತಿಗಾಗಲಿ ಅವಕಾಶ ಇಟ್ಟಿಲ್ಲ. ಅಂಕಣ ನಾಲ್ಕೇ ಇದ್ದರೆ ಅಂಕಣಕ್ಕೆ 20 ಪಂದ್ಯ, ಅಂದರೆ 13 ಗಂಟೆ 20 ನಿಮಿಷ. ಒಂದು ಅಂಕಣದ ಬಾಡಿಗೆ ಉಳಿಸಲು ಹೋಗಿ ಅಂಪೈರುಗಳ, ಸ್ವಯಂಸೇವಕರ, ವಾಹನ ಚಾಲಕರ ಹೆಚ್ಚುವರಿ ಸಮಯಕ್ಕೆ ತೆರಬೇಕಾದ ಹಣ ಅದಕ್ಕಿಂತ ಹೆಚ್ಚಾಗುವ ಸಂಭವವಿದೆ.

ಈ ಲೆಕ್ಕದಲ್ಲಿ ಸಿಂಗಲ್ಸ್‌ಗೆ 64, ಡಬಲ್ಸ್‌ಗೆ 192, ಒಟ್ಟು 256 ಆಟಗಾರ ಸ್ಥಾನಗಳಾಗುತ್ತವೆ. ಹಲವರು ಎರಡು ವಿಭಾಗಗಳಲ್ಲಿ ಆಡುವುದರಿಂದ ತಲೆಗಳ ಸಂಖ್ಯೆ ಇದಕ್ಕಿಂತ ಕಡಿಮೆ. ಆದರೆ ತರಬೇತುದಾರರು, ಪೋಷಕರು, ಅಧಿಕಾರಿಗಳು ಸೇರಿದಾಗ ವಾರವೊಂದರ ಮಟ್ಟಿಗೆ ಊರಿನ ಹೋಟೆಲ್, ಉಪಾಹಾರ ಗೃಹ, ಟ್ಯಾಕ್ಸಿ, ಮುದ್ರಣಾಲಯ, ಶಾಮಿಯಾನದವರು ಎಲ್ಲರಿಗೂ ವ್ಯಾಪಾರ ದೊರೆಯುತ್ತದೆ. ಪಂದ್ಯಗಳು ಸಾಗಿದಂತೆ ಸಂಖ್ಯೆ ಅರ್ಧರ್ಧವಾಗಿ ಇಳಿಯುವುದನ್ನೂ ಹೋಟೆಲಿನವರು ಗಮನಿಸಬೇಕು. ಮೊದಲ ಸುತ್ತಿನ 80 ಪಂದ್ಯಗಳ ನಂತರ ಎರಡನೆಯ ಸುತ್ತಿಗೆ 40, ಕ್ವಾರ್ಟರ್‌ಫೈನಲ್‌ಗೆ 20, ಸೆಮಿಫೈನಲ್‌ಗೆ 10, ಕೊನೆಯ ದಿನ ಕೇವಲ 5 ಪಂದ್ಯ. ಸೋತವನು ಮರುದಿನವೇ ಕೊಠಡಿ ಖಾಲಿ ಮಾಡುತ್ತಾನೆ. ವಾರಪೂರ್ತಿ ಕೊಠಡಿಗಳು ತುಂಬಿರುತ್ತವೆಂದು ದರ ನಿಗದಿಪಡಿಸುವುದು ತಪ್ಪು ಲೆಕ್ಕ.

ಷಟಲ್ ಎಂಬ ಕಚ್ಚಾ ಸಾಮಗ್ರಿ

ಈ ಆಟದಲ್ಲಿ ಅತ್ಯಂತ ಬೇಗ ಸವೆದುಹೋಗುವ ಸಾಮಗ್ರಿ ಷಟಲ್. ನಿಯಮದಂತೆ ಅದಕ್ಕೆ 16 ಗರಿಗಳು, ತೂಕ 4.74ರಿಂದ 5.50 ಗ್ರಾಂ. ಬೂಚಿನ ತಳ ಮತ್ತು ಬಾತುಕೋಳಿ ಜಾತಿಯ ಹಕ್ಕಿಗಳ ಗರಿಯಿಂದ ತಯಾರಾದ ಈ ವಸ್ತು ಒಂದೇ ಬಿರುಸಿನ ಹೊಡೆತಕ್ಕೆ ನಿರುಪಯುಕ್ತವಾಗಬಹುದು. ಪಂದ್ಯಕ್ಕೆ ಒಂದು ಡಬ್ಬಿ, ಅಂದರೆ 12 ಷಟಲ್‌ಗಳು ಎಂದು ಲೆಕ್ಕ ಹಿಡಿದರೂ 155 ಪಂದ್ಯಗಳಿಗೆ 1,860 ಷಟಲ್‌ಗಳು ಬೇಕು. 2024 ಮತ್ತು 2025ರಲ್ಲಿ ಚೀನಾದಿಂದ ಗರಿಗಳ ಪೂರೈಕೆ ಕುಗ್ಗಿ ಷಟಲ್ ಬೆಲೆ ತೀವ್ರವಾಗಿ ಏರಿದಾಗ ಅಕಾಡೆಮಿಗಳೂ ಸಂಘಟಕರೂ ತೊಂದರೆಗೆ ಒಳಗಾದರು. ಒಂದೇ ದೇಶದ ಕಚ್ಚಾವಸ್ತುವನ್ನು ನೆಚ್ಚಿಕೊಂಡ ಉದ್ಯಮದ ಪಾಡು ಏನಾಗುತ್ತದೆ ಎಂಬುದು ತಯಾರಕರಿಗೆ ಹೊಸ ಪಾಠವಲ್ಲ.

ವೇಗದ ಪ್ರಶ್ನೆಯೂ ಇದೆ. ಗಾಳಿ ತೆಳುವಾದಂತೆ ಷಟಲ್ ದೂರ ಹಾರುತ್ತದೆ. ಆದ್ದರಿಂದ ಸಮುದ್ರಮಟ್ಟದ ಮಂಗಳೂರಿಗೂ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೂ ಒಂದೇ ವೇಗದ ಷಟಲ್ ಒಗ್ಗುವುದಿಲ್ಲ. ಹಿಂಬದಿ ಗೆರೆಯಿಂದ ಪೂರ್ಣ ಬಲದಿಂದ ಕೆಳಗೈಯಲ್ಲಿ ಹೊಡೆದ ಷಟಲ್ ಎದುರಿನ ಹಿಂಬದಿ ಗೆರೆಗೆ 530ರಿಂದ 990 ಮಿಲಿಮೀಟರ್ ಮುಂಚೆ ಬಿದ್ದರೆ ಅದು ಸರಿಯಾದ ವೇಗ. ಸಭಾಂಗಣದ ಹವೆ ತಿಳಿಯದೆ ಒಂದೇ ವೇಗದ ಸರಕನ್ನು ಸಗಟಾಗಿ ಖರೀದಿಸಿದರೆ ರೆಫರಿ ಅದನ್ನು ತಿರಸ್ಕರಿಸುವ ಸಾಧ್ಯತೆ ಇದೆ. ಎರಡು ಮೂರು ವೇಗಗಳ ಷಟಲ್‌ಗಳನ್ನು ಹಿಂದಿರುಗಿಸುವ ಷರತ್ತಿನ ಮೇಲೆ ತರಿಸಿಕೊಳ್ಳುವುದು ವಿವೇಕ.

ಪಶ್ಚಿಮ ಬಂಗಾಳದ ಉಲುಬೇರಿಯಾದಲ್ಲಿ ಷಟಲ್ ತಯಾರಿಕೆ ಗೃಹ ಕೈಗಾರಿಕೆಯಾಗಿ ಬೆಳೆದಿದೆ. ಜಲಂಧರ್ ಮತ್ತು ಮೀರತ್ ಕ್ರೀಡಾ ಸಾಮಗ್ರಿಗಳ ಪ್ರಸಿದ್ಧ ಕೇಂದ್ರಗಳು. ಜಪಾನಿನ ಯೋನೆಕ್ಸ್ ಸಂಸ್ಥೆ 2016ರಲ್ಲಿ ಬೆಂಗಳೂರಿನಲ್ಲಿ ರ‍್ಯಾಕೆಟ್ ತಯಾರಿಕೆ ಆರಂಭಿಸಿತು. ಆದರೂ ಅಂತರರಾಷ್ಟ್ರೀಯ ಅಂಕಣದಲ್ಲಿ ಭಾರತೀಯ ಸಣ್ಣ ತಯಾರಕರ ಸಾಮಗ್ರಿ ಅಪರೂಪ. ವಿಶ್ವ ಒಕ್ಕೂಟದ ಅನುಮೋದನೆ ಪಡೆದ ಷಟಲ್ ಮಾತ್ರ ಇಲ್ಲಿ ಸ್ವೀಕಾರಾರ್ಹವಾಗಿರುವುದು ಒಂದು ಕಾರಣ. ಸಾಮಗ್ರಿ ತಯಾರಕನೇ ಪ್ರಾಯೋಜಕನೂ ಆಗಿರುವುದು ಇನ್ನೊಂದು. ಮೊದಲ ತಡೆ ಗುಣಮಟ್ಟಕ್ಕೆ ಸಂಬಂಧಿಸಿದ್ದು, ಎರಡನೆಯದು ಬಂಡವಾಳಕ್ಕೆ ಸಂಬಂಧಿಸಿದ್ದು. ಮೊದಲನೆಯದನ್ನು ದಾಟದೆ ಎರಡನೆಯದರ ಚಿಂತೆ ವ್ಯರ್ಥ.

ಆಯ ಮತ್ತು ವ್ಯಯ

ವ್ಯಯದ ಬದಿಯಲ್ಲಿ ಮುಖ್ಯವಾದವು ಬಹುಮಾನದ ಹಣ, ಅನುಮತಿ ಶುಲ್ಕ, ಸಭಾಂಗಣದ ಬಾಡಿಗೆ, ಅಂಕಣದ ಮ್ಯಾಟ್ ಮತ್ತು ಅವುಗಳ ಸಾಗಣೆ, ಬೆಳಕು ಮತ್ತು ಜನರೇಟರ್, ಷಟಲ್, ರೆಫರಿ ಹಾಗೂ ಅಂಪೈರುಗಳ ಪ್ರಯಾಣ, ವಸತಿ ಮತ್ತು ದಿನಭತ್ಯೆ, ಹೋಟೆಲಿನಿಂದ ಸಭಾಂಗಣಕ್ಕೆ ವಾಹನ, ವೈದ್ಯಕೀಯ ಸೇವೆ, ವಿಮೆ. ಬಹುಮಾನದ ಮೊತ್ತವೇ ದೊಡ್ಡ ಖರ್ಚು ಎಂದು ಭಾವಿಸುವವರು ಹೆಚ್ಚು. ಕೆಳಹಂತದಲ್ಲಿ ಹಾಗಾಗುವುದಿಲ್ಲ. ಬಹುಮಾನ ಚಿಕ್ಕದಾದರೂ ಪಂದ್ಯಗಳ ಸಂಖ್ಯೆ, ಅಧಿಕಾರಿಗಳ ಸಂಖ್ಯೆ, ದಿನಗಳ ಸಂಖ್ಯೆ ದೊಡ್ಡ ಪಂದ್ಯಾವಳಿಯಷ್ಟೇ ಇರುತ್ತವೆ. ಅಂದರೆ ಸ್ಥಿರ ವೆಚ್ಚ ಹೆಚ್ಚು, ಅದನ್ನು ಹಂಚಿಕೊಳ್ಳುವ ಆದಾಯ ಕಡಿಮೆ.

ಬಹುಮಾನದ ಹಂಚಿಕೆಯನ್ನೂ ನೋಡಬಹುದು. ಸೂಪರ್ 100 ಪಂದ್ಯಾವಳಿಯ ಒಟ್ಟು ಬಹುಮಾನ 1 ಲಕ್ಷ ಡಾಲರ್ ಎಂದಿಟ್ಟುಕೊಂಡರೆ, ವಿಶ್ವ ಟೂರ್‌ನ ಹಂಚಿಕೆಯಂತೆ ಸಿಂಗಲ್ಸ್ ವಿಜೇತನಿಗೆ ಶೇ. 7.5, ಅಂದರೆ 7,500 ಡಾಲರ್. ಡಬಲ್ಸ್ ವಿಜೇತ ಜೋಡಿಗೆ ಶೇ. 7.9, ಅಂದರೆ ತಲಾ 3,950 ಡಾಲರ್. ವಾರವೆಲ್ಲ ಆಡಿ ಪ್ರಶಸ್ತಿ ಗೆದ್ದವರ ಪಾಲು ಇಷ್ಟಾದರೆ ಉಳಿದವರ ಸ್ಥಿತಿ ಊಹಿಸಿಕೊಳ್ಳಬಹುದು.

ಆಯದ ಬದಿ ಬಡವಾಗಿದೆ. ಪ್ರಸಾರ ಹಕ್ಕುಗಳಿಗೆ ಈ ಹಂತದಲ್ಲಿ ಖರೀದಿದಾರರಿಲ್ಲ. ಪ್ರೇಕ್ಷಕರಿಗೆ ಸಾಮಾನ್ಯವಾಗಿ ಉಚಿತ ಪ್ರವೇಶ. ಪ್ರವೇಶ ಶುಲ್ಕದಿಂದ ಬರುವುದು ಅಲ್ಪ. ಉಳಿದದ್ದು ರಾಜ್ಯ ಸರ್ಕಾರದ ಅಥವಾ ರಾಷ್ಟ್ರೀಯ ಸಂಸ್ಥೆಯ ನೆರವು, ಸಾಮಗ್ರಿ ತಯಾರಕರ ಪ್ರಾಯೋಜಕತ್ವ ಮತ್ತು ಸ್ಥಳೀಯ ವರ್ತಕರ ಕೊಡುಗೆ. ಹೀಗಾಗಿ ಈ ಹಂತದ ಪಂದ್ಯಾವಳಿಯನ್ನು ಲಾಭದ ಉದ್ಯಮವೆಂದು ಬಿಂಬಿಸಿ ಹಣ ಕೇಳುವವರ ಮಾತನ್ನು ನಂಬಬೇಕಾಗಿಲ್ಲ. ಪ್ರಾಮಾಣಿಕ ಸಂಘಟಕ ಆಯವ್ಯಯವನ್ನು ಸರಿದೂಗಿಸುವ ಮಾತನ್ನಷ್ಟೇ ಆಡುತ್ತಾನೆ.

ತೆರಿಗೆಯ ಅಂಶಗಳು

ಸದಸ್ಯರು ವಿಶೇಷವಾಗಿ ಗಮನಿಸಬೇಕಾದದ್ದು ಈ ಭಾಗ. ಮುಂದೆ ಹೇಳುವ ಕಲಂಗಳು 1961ರ ಆದಾಯ ತೆರಿಗೆ ಕಾಯ್ದೆಯವು. ಅದರ ಸ್ಥಾನಕ್ಕೆ ಬಂದಿರುವ 2025ರ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬೇರೆ. ಆದ್ದರಿಂದ ಪಾವತಿಯ ದಿನಾಂಕಕ್ಕೆ ಅನ್ವಯಿಸುವ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಾಯೋಜಕತ್ವವು ಸಾರದಲ್ಲಿ ಜಾಹೀರಾತಿನ ಕಾಮಗಾರಿಯ ಒಪ್ಪಂದ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 1995ರ 715ನೆಯ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಸ್ಮರಣ ಸಂಚಿಕೆಯ ಜಾಹೀರಾತಿಗೂ ಇದು ಅನ್ವಯ. ಆದ್ದರಿಂದ ಮೂಲದಲ್ಲಿ ತೆರಿಗೆ ಕಡಿತಕ್ಕೆ ಬದ್ಧರಾದವರು 194ಸಿ ಕಲಮಿನಂತೆ, ಒಂದೇ ಪಾವತಿ 30,000 ರೂ. ಅಥವಾ ವರ್ಷದ ಮೊತ್ತ 1 ಲಕ್ಷ ರೂ. ಮೀರಿದಾಗ, ಸಂಘ ಸಂಸ್ಥೆಗಳಿಗೆ ಕೊಡುವ ಹಣದಲ್ಲಿ ಶೇ. 2ರಷ್ಟು ಕಡಿತ ಮಾಡಬೇಕು. ಕ್ರೀಡೆಗೆ ಕೊಟ್ಟದ್ದು ದಾನವಲ್ಲವೇ ಎಂದು ಕಡಿತ ಮಾಡದೆ ಬಿಟ್ಟರೆ ವೆಚ್ಚದ ಒಂದು ಭಾಗ ಅಮಾನ್ಯವಾಗುವ ಸಂಭವವಿದೆ. ಸರಿಯಾದ ಬಿಲ್ಲು, ಒಪ್ಪಂದ ಪತ್ರ ಮತ್ತು ಪ್ರಚಾರದ ಪುರಾವೆ ಇದ್ದರೆ ವ್ಯಾಪಾರದ ಜಾಹೀರಾತು ವೆಚ್ಚವಾಗಿ 37(1) ಕಲಮಿನಡಿ ಅದನ್ನು ತೋರಿಸಬಹುದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಇಲ್ಲಿ ಬಳಸಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಇರುವುದು ಗ್ರಾಮೀಣ, ರಾಷ್ಟ್ರೀಯ ಮಾನ್ಯತೆಯ ಮತ್ತು ಒಲಿಂಪಿಕ್ ಕ್ರೀಡೆಗಳ ಉತ್ತೇಜನಕ್ಕಾಗಿ ನೀಡುವ ತರಬೇತಿ. ಒಮ್ಮೆ ನಡೆದು ಮುಗಿಯುವ ಕಾರ್ಯಕ್ರಮಗಳು ಇದರಲ್ಲಿ ಸೇರುವುದಿಲ್ಲವೆಂದು 2014ರ ಸುತ್ತೋಲೆ ತಿಳಿಸಿದೆ. ತಮ್ಮ ಸರಕಿಗೆ ಪ್ರಚಾರ ಪಡೆಯುವ ಉದ್ದೇಶದ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ನಿಯಮಗಳು ನೇರವಾಗಿಯೇ ಹೊರಗಿಟ್ಟಿವೆ. ಜೊತೆಗೆ, ಆ ಹೊಣೆಗಾರಿಕೆಯ ವೆಚ್ಚವನ್ನು ವ್ಯಾಪಾರದ ವೆಚ್ಚವಾಗಿ ತೋರಿಸುವಂತಿಲ್ಲ. ಫಲಕವೂ ಬೇಕು, ಸಾಮಾಜಿಕ ಹೊಣೆಗಾರಿಕೆಯ ಲೆಕ್ಕವೂ ಬೇಕು ಎನ್ನುವುದು ನಡೆಯದ ಮಾತು. ಮಕ್ಕಳ ತರಬೇತಿಗೆ ಕೊಟ್ಟ ಹಣ ಒಂದು ಶೀರ್ಷಿಕೆ, ಪಂದ್ಯಾವಳಿಯ ಫಲಕಕ್ಕೆ ಕೊಟ್ಟ ಹಣ ಇನ್ನೊಂದು ಶೀರ್ಷಿಕೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ರಾಷ್ಟ್ರೀಯ ಕ್ರೀಡಾ ಒಕ್ಕೂಟ ಅಥವಾ ಅದರ ಅಂಗಸಂಸ್ಥೆಗಳು ನಡೆಸುವ, ಜಿಲ್ಲೆ, ರಾಜ್ಯ ಅಥವಾ ದೇಶವನ್ನು ಪ್ರತಿನಿಧಿಸುವ ಕ್ರೀಡಾಳುಗಳು ಭಾಗವಹಿಸುವ ಕೂಟಗಳ ಪ್ರಾಯೋಜಕತ್ವಕ್ಕೆ ವಿನಾಯಿತಿ ಇದೆ. ಖಾಸಗಿ ಸಂಘಟಕರ ಕೂಟಕ್ಕೆ ಅದು ತಾನಾಗಿ ದೊರೆಯದು. ವಿನಾಯಿತಿ ಇಲ್ಲದಿದ್ದಲ್ಲಿ, ನಿಗಮ ಸಂಸ್ಥೆಯಲ್ಲದ ಕ್ರೀಡಾ ಸಂಘಕ್ಕೆ ಹಣ ಕೊಡುವ ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯೇ ಹಿಮ್ಮುಖ ಪಾವತಿಯ ಕ್ರಮದಲ್ಲಿ ತೆರಿಗೆ ಕಟ್ಟಬೇಕು. ಸೇವೆ ನೀಡುವವರೇ ನಿಗಮ ಸಂಸ್ಥೆಯಾಗಿದ್ದರೆ 2025ರ ಜನವರಿ 16ರಿಂದ ತೆರಿಗೆ ವಿಧಿಸಿ ಕಟ್ಟುವ ಹೊಣೆ ಅವರದು.

ಬಹುಮಾನ ಕೊಡುವಾಗ ಸಂಘಟಕರಿಗೂ ಹೊಣೆ ಇದೆ. ಭಾರತದ ಪೌರರಲ್ಲದ ಅನಿವಾಸಿ ಕ್ರೀಡಾಪಟುಗಳಿಗೆ 115ಬಿಬಿಎ ಮತ್ತು 194ಇ ಕಲಮುಗಳಂತೆ ಒಟ್ಟು ಮೊತ್ತದ ಮೇಲೆ ಶೇ. 20ರಷ್ಟು ತೆರಿಗೆ ಹಾಗೂ ಉಪಕರ. ಪ್ರಯಾಣದ ಖರ್ಚು ಕಳೆಯುವಂತಿಲ್ಲ. ಭಾರತೀಯ ವೃತ್ತಿಪರ ಆಟಗಾರರಿಗೂ ಅಂಪೈರುಗಳಿಗೂ 2008ರ ಅಧಿಸೂಚನೆಯಂತೆ 194ಜೆ ಕಲಂ ಅನ್ವಯಿಸುತ್ತದೆ. ಪ್ರಶಸ್ತಿ ವೇದಿಕೆಯ ಮೇಲೆ ದೊಡ್ಡ ಚೆಕ್ಕಿನ ಫಲಕ ಹಿಡಿದು ನಿಂತ ವಿದೇಶಿ ಆಟಗಾರನಿಗೆ ಕೈಗೆ ಬರುವ ಮೊತ್ತವನ್ನು ಮೊದಲೇ ತಿಳಿಸದಿದ್ದರೆ ವಿವಾದ ಖಚಿತ.

ಪ್ರಾಯೋಜಕನಿಗೆ ದೊರೆಯುವುದೇನು?

ಜರ್ಮನಿಯ ಸಾರ್‌ಬ್ರೂಕೆನ್ ನಗರದ ಪಂದ್ಯಾವಳಿ ಇದಕ್ಕೆ ಒಳ್ಳೆಯ ಉತ್ತರ ನೀಡುತ್ತದೆ. 2017ರವರೆಗೆ ಅದು ನೆರೆಯ ಪ್ರದೇಶದ ಬಿಯರ್ ತಯಾರಕ ಬಿಟ್‌ಬುರ್ಗರ್ ಹೆಸರಿನಲ್ಲಿ ನಡೆಯಿತು. ಆ ಬೆಂಬಲ ಮುಗಿದ ಮೇಲೆ ಸಾರ್‌ಲೋರ್‌ಲಕ್ಸ್ ಓಪನ್ ಎಂಬ ಹೆಸರಿನಲ್ಲಿ ಸೂಪರ್ 100 ಹಂತದಲ್ಲಿ ಮುಂದುವರಿಯಿತು. 2021ರಿಂದ ಅದೇ ನಗರದ ಔಷಧ ತಯಾರಕ ಉರ್ಸಾಫಾರ್ಮ್ ಸಂಸ್ಥೆಯ ಕಣ್ಣಿನ ಹನಿ ಔಷಧಿಯಾದ ಹೈಲೋ ಹೆಸರನ್ನು ಪಡೆದು ಮೇಲಿನ ಹಂತಗಳಿಗೆ ಏರಿತು. ದೂರದ ಬಹುರಾಷ್ಟ್ರೀಯ ಕಂಪನಿಗಾಗಿ ಕಾಯದೆ ಊರಿನ ತಯಾರಕನೇ ಊರಿನ ಪಂದ್ಯಾವಳಿಯನ್ನು ಎತ್ತಿ ಹಿಡಿದ ಉದಾಹರಣೆ ಇದು. ಸರಕಿಗೂ ಸ್ಥಳಕ್ಕೂ ಸಂಬಂಧವಿದ್ದಾಗ ಹಾಗೂ ಬೆಂಬಲ ಹಲವು ವರ್ಷ ಮುಂದುವರಿದಾಗ ಹೆಸರು ಜನಮನದಲ್ಲಿ ಉಳಿಯುತ್ತದೆ. ಒಂದೇ ವರ್ಷ ಕೊಟ್ಟು ಕೈಬಿಟ್ಟ ಪ್ರಾಯೋಜಕತ್ವ ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ, ಮಳೆ ಬಂದರೆ ಮುಗಿಯಿತು.

ಅಪಾಯವನ್ನೂ ಮರೆಯುವಂತಿಲ್ಲ. ಬಹುಮಾನ ಕಡಿಮೆ ಇರುವ ಕಡೆ ಆಮಿಷಕ್ಕೆ ಬೆಲೆ ಹೆಚ್ಚು. 2021ರ ಜನವರಿಯಲ್ಲಿ ವಿಶ್ವ ಒಕ್ಕೂಟ ಪಂದ್ಯಗಳ ಮೋಸದಾಟ ಮತ್ತು ಬಾಜಿಯ ಆರೋಪದಲ್ಲಿ ಎಂಟು ಇಂಡೋನೇಷ್ಯಾ ಆಟಗಾರರನ್ನು ನಿಷೇಧಿಸಿತು. ಅವರಲ್ಲಿ ಮೂವರಿಗೆ ಆಜೀವ ನಿಷೇಧ. ಯಾವ ಸಂಸ್ಥೆಯ ಹೆಸರು ಫಲಕದ ಮೇಲಿದೆಯೋ ಅದಕ್ಕೂ ಇಂತಹ ಪ್ರಕರಣದ ಕಳಂಕ ತಗಲುತ್ತದೆ. ಅಧಿಕಾರಿಗಳಿಗೆ ಸಕಾಲದಲ್ಲಿ ಭತ್ಯೆ, ವಿಜೇತರಿಗೆ ಸಕಾಲದಲ್ಲಿ ಬಹುಮಾನ, ಆಟಗಾರರ ಆವರಣಕ್ಕೆ ಅಪರಿಚಿತರ ಪ್ರವೇಶಕ್ಕೆ ತಡೆ ಇವು ಮೂರೂ ಖರ್ಚಿನ ಬಾಬತ್ತುಗಳಂತೆ ಕಂಡರೂ ವಾಸ್ತವದಲ್ಲಿ ವಿಮೆಯ ಕಂತುಗಳು.

ಹಣ ಕೊಡುವ ಮುನ್ನ

ಕೋರಿಕೆ ಬಂದಾಗ ವರ್ತಕರು ಐದು ಪ್ರಶ್ನೆಗಳನ್ನು ಕೇಳುವುದು ಸೂಕ್ತ. ರಾಷ್ಟ್ರೀಯ ಸಂಸ್ಥೆಯ ಲಿಖಿತ ಅನುಮತಿ ಇದೆಯೇ? ಹಣ ಪಡೆಯುವ ಸಂಸ್ಥೆ ನೋಂದಾಯಿತವೇ, ಅದರ ಪಾನ್ ಸಂಖ್ಯೆ ಮತ್ತು ಹಿಂದಿನ ವರ್ಷದ ಲೆಕ್ಕ ಪರಿಶೋಧನಾ ವರದಿ ಲಭ್ಯವೇ? ಪಂದ್ಯಾವಳಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಲಾಗಿದೆಯೇ? ಪಂದ್ಯಾವಳಿ ರದ್ದಾದರೆ ಹಣ ಹಿಂದಿರುಗಿಸುವ ಷರತ್ತು ಒಪ್ಪಂದದಲ್ಲಿದೆಯೇ? ಮುಗಿದ ನಂತರ ಎಷ್ಟು ದಿನದೊಳಗೆ ಆಯವ್ಯಯದ ತಖ್ತೆಯನ್ನು ಪ್ರಾಯೋಜಕರಿಗೆ ಕೊಡಲಾಗುತ್ತದೆ?

ಈ ಪ್ರಶ್ನೆಗಳಿಂದ ಒಳ್ಳೆಯ ಸಂಘಟಕನಿಗೆ ಮುಜುಗರವಾಗುವುದಿಲ್ಲ. ಅವು ಆತನಿಗೆ ನೆರವಾಗುತ್ತವೆ. ಲೆಕ್ಕ ಸರಿಯಾಗಿ ಒಪ್ಪಿಸಿದ ಸಂಸ್ಥೆಗೆ ಮರುವರ್ಷ ಕೇಳುವ ಹಕ್ಕು ದೊರೆಯುತ್ತದೆ, ಕೊಡುವವರಿಗೆ ಕೊಡುವ ಧೈರ್ಯ ಬರುತ್ತದೆ. ಹನಿಗೂಡಿದರೆ ಹಳ್ಳವೆಂಬ ಮಾತು ಈ ಕ್ಷೇತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಒಬ್ಬ ದೊಡ್ಡ ಪ್ರಾಯೋಜಕ ಸಿಗದ ಊರಿನಲ್ಲಿ ಐವತ್ತು ಮಂದಿ ವರ್ತಕರು ಅಂಕಣಕ್ಕೊಬ್ಬರು, ವಾಹನಕ್ಕೊಬ್ಬರು, ಷಟಲ್‌ಗೊಬ್ಬರು ಎಂದು ಬಾಬತ್ತುಗಳನ್ನು ಹಂಚಿಕೊಂಡರೆ ಒಂದು ಇಂಟರ್‌ನ್ಯಾಷನಲ್ ಸೀರೀಸ್ ನಡೆಸುವುದು ಅಸಾಧ್ಯವಲ್ಲ. ಅದರ ಲಾಭ ಆ ವರ್ಷದ ಲೆಕ್ಕಪುಸ್ತಕದಲ್ಲಿ ಕಾಣದಿರಬಹುದು. ಆದರೆ ಅರ್ಹತಾ ಸುತ್ತಿನಲ್ಲಿ ಮೊದಲ ಅಂತರರಾಷ್ಟ್ರೀಯ ಅಂಕ ಗಳಿಸಿದ ಸ್ಥಳೀಯ ಹುಡುಗಿಯ ಹೆಸರು ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮುದ್ರಿತವಾಗುತ್ತದೆ. ಮುಂದಿನ ಪಂದ್ಯಾವಳಿಗೆ ಆಕೆ ಅರ್ಜಿ ಹಾಕುವುದು ಆ ಬಂಡವಾಳದ ಬಲದಿಂದಲೇ.